ಸೊಲ್ಲಾಪುರದ ವಾಲಚಂದರು, ಬೆಳ್ಳಂದೂರು ಕೆರೆ ಮತ್ತು ಕಾಡಿನ ಬೆಂಕಿ

ನಮ್ಮೂರು ಕೆರೂರ. ಬಾಗಲಕೋಟೆ ಜಿಲ್ಲೆ, ಬಾದಾಮಿ ತಾಲ್ಲೂಕು. ಹುಬ್ಬಳ್ಳಿಯಿಂದ ವಿಜಯಪುರದ ಮೇಲೆ ಸೊಲ್ಲಾಪುರಕ್ಕೆ ಹೋಗೋ ಹೈವೇ ನಮ್ಮೂರಿನ ಮೂಲಕವೇ ಹಾದುಹೋಗ್ತದೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಅಪ್ಪ ನನಗೆ ಕನ್ನಡ ಕಲಿಸಿದ್ದು ಪುಸ್ತಕದಿಂದ ಅಲ್ಲ, ಬಸ್ಸಿನ ಬೋರ್ಡಿನಿಂದ. ಸೊಲ್ಲಾಪುರ ಅನ್ನೋ ಪದದ ಲಕಾರದ ಒತ್ತು ನನಗೆ ಬಂದದ್ದೇ ಹಾಗೆ. ಆ ಬೋರ್ಡಿನ ಇನ್ನೊಂದು ತುದಿಯಲ್ಲಿ ಹುಟ್ಟಿದ ಒಬ್ಬರ ಬಗ್ಗೆ ಈ ಸಲ ಬರೀತಿದೀನಿ. ಅದಕ್ಕೆ ಕಾರಣ ಒಂದು ಬೆಂಕಿ.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಊರ ಹತ್ತಿರದ ಗುಡ್ಡದ ಹುಲ್ಲಿಗೆ ಬೆಂಕಿ ಹತ್ತಿತು. ಹೊಲದಲ್ಲಿದ್ದವರೆಲ್ಲ ಹಸಿ ಟೊಂಗಿ ಮುರ್ಕೊಂಡು ಓಡಿದ್ರು. ನಾನೂ ಹೋದೆ. ಒಂದು ಕೊಡ ನೀರು ಹೊತ್ಕೊಂಡು ಅರ್ಧ ಗುಡ್ಡ ಹತ್ತೋದ್ರೊಳಗೆ ನನ್ನ ಉಸಿರು ಹೋಗಿತ್ತು, ಬೆಂಕಿ ಆ ಜಾಗ ಬಿಟ್ಟು ಮುಂದೆ ಹೋಗಿತ್ತು. ಅಮೆರಿಕದಲ್ಲಿ ವಿಮಾನದಿಂದ ಕೆಂಪು ನೀರು ಸುರಿಯೋ ವಿಡಿಯೋ ನೋಡಿದ್ದೆ. ನಮ್ಮಲ್ಲಿ ಅಂಥದ್ದು ಯಾಕಿಲ್ಲ ಅಂತ ಅಜ್ಜನ್ನ ಕೇಳಿದೆ. ಅಜ್ಜ ನನ್ನ ಕೈಯಿಂದ ಕೊಡ ಇಸ್ಕೊಂಡು ಕೈಗೆ ಒಂದು ಟೊಂಗಿ ಕೊಟ್ರು, ಅಷ್ಟೇ. ಪ್ರಶ್ನೆ ಮಾತ್ರ ಹಾಗೇ ಉಳೀತು. ಎರಡನೇ ಸೆಮ್‌ನಲ್ಲಿ, ಇಂಟರ್ನಲ್ಸ್‌ಗೆ ಓದಬೇಕಾದ ರಾತ್ರಿ, ಅದರ ಹಿಂದೆ ಬಿದ್ದೆ. ಹುಡುಕ್ತಾ ಹುಡುಕ್ತಾ ಸಿಕ್ಕವರು ವಾಲಚಂದ ಹೀರಾಚಂದರು.

ಅವರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತಿನಿಂದ ಬಂದು ನೆಲೆಸಿದ ಜೈನ ಮನೆತನ. ಹತ್ತಿಯ ವ್ಯಾಪಾರ, ಲೇವಾದೇವಿ. ಕಾಲೇಜಿಗೆ ಅಂತ ಮುಂಬೈ, ಪುಣೆ ಎರಡೂ ಕಡೆ ಹೋದರೂ ಡಿಗ್ರಿ ಮುಗಿಸಲಿಲ್ಲ. (ಬ್ಯಾಕ್‌ಲಾಗ್ ಇರೋ ಗೆಳೆಯರು ಇಷ್ಟಕ್ಕೇ ಖುಷಿಪಡಬೇಡಿ. ಅವರ ಮನೇಲಿ ದುಡ್ಡಿತ್ತು.) ಆದ್ರೆ ಗದ್ದುಗೆ ಮೇಲೆ ಕೂತು ಲೆಕ್ಕ ಬರಿಯೋದು ಅವರಿಗೆ ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ್ ಅನ್ನೋರ ಜೊತೆ ಸೇರಿ ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಕಂತ್ರಾಟು ಹಿಡಿದರು. ಅಲ್ಲಿಂದ ಅವರ ದಾರಿ ಬದಲಾಯ್ತು. ಮುಂಬೈ-ಪುಣೆ ನಡುವಿನ ಭೋರ್ ಘಾಟಿನ ರೈಲು ಸುರಂಗಗಳು ಅವರ ಕಂಪನಿಯ ಕೆಲಸ. ನಾವು ಸಿವಿಲ್‌ನವರ ಬಾಯಲ್ಲಿ ಕೇಳೋ ಎಚ್‌ಸಿಸಿ, ಅಂದ್ರೆ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ, ಅವರು 1926ರಲ್ಲಿ ಶುರು ಮಾಡಿದ್ದು.

ಆಮೇಲೆ ಹಡಗು. ಮೊದಲ ಮಹಾಯುದ್ಧ ಮುಗಿದ ಕೂಡಲೇ ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರ ಹತ್ತಿರ ಇದ್ದ ಒಂದು ಹಳೇ ಹಡಗನ್ನ ಗೆಳೆಯರ ಜೊತೆ ಕೊಂಡರು. ಹೆಸರು ಎಸ್‌ಎಸ್ ಲಾಯಲ್ಟಿ. 1919ರ ಏಪ್ರಿಲ್ 5ರಂದು ಅದು ಮುಂಬೈಯಿಂದ ಲಂಡನ್‌ಗೆ ಹೊರಟಿತು. ಇವತ್ತಿಗೂ ಏಪ್ರಿಲ್ 5 ನಮ್ಮ ರಾಷ್ಟ್ರೀಯ ನೌಕಾಯಾನ ದಿನ. ಆ ಹಡಗು ಮಾತ್ರ ಲಾಭ ತರಲಿಲ್ಲ. ಬ್ರಿಟಿಷ್ ಕಂಪನಿಗಳು ಬಾಡಿಗೆ ದರ ಇಳಿಸಿ ಇಳಿಸಿ ಸಿಂಧಿಯಾ ಕಂಪನಿಯನ್ನ ಮುಳುಗಿಸೋಕೆ ನೋಡಿದವು, ಆದ್ರೆ ಕಂಪನಿ ಮುಳುಗಲಿಲ್ಲ. ಸಕ್ಕರೆ ಕಾರ್ಖಾನೆಗಳ ಕಥೆ ಬೇರೆ ಇದೆ. ವಾಲಚಂದನಗರ ಅನ್ನೋ ಊರೇ ಅವರ ಹೆಸರಲ್ಲಿದೆ. ರಾವಳಗಾಂವ್ ಚಾಕೊಲೇಟು ಚೀಪಿದವರೆಲ್ಲ ಅವರ ಸಕ್ಕರೆಯ ಋಣದಲ್ಲಿದೀರಿ.

ಇಷ್ಟನ್ನ ಬೇಗ ಹೇಳಿಬಿಟ್ಟೆ, ಯಾಕಂದ್ರೆ ನನ್ನ ಪ್ರಶ್ನೆ ವಿಮಾನದ್ದು.

1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಾರಿನ ಕಾರ್ಖಾನೆ ಹಾಕಬೇಕು ಅಂತ ಓಡಾಡ್ತಿದ್ರು, ವಾಲಚಂದರು ಅವರ ಜೊತೆಗಿದ್ರು. ಮೈಸೂರು ಸಂಸ್ಥಾನದಲ್ಲೇ ಅದು ಆಗೋದಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1939ರಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ಪೆಸಿಫಿಕ್ ದಾಟೋ ಕ್ಲಿಪ್ಪರ್ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲೆ ಸಿಕ್ಕರು. ಚೀನಾದಲ್ಲಿ ವಿಮಾನ ಜೋಡಿಸೋ ಕಾರ್ಖಾನೆ ನಡೆಸ್ತಿದ್ದ ಅಮೆರಿಕನ್. ಆ ಕ್ಲಿಪ್ಪರ್ ನೀರಿನ ಮೇಲೆ ಇಳಿಯೋ ವಿಮಾನ, ಹೊಟ್ಟೆ ದೋಣಿ ಥರ ಇರ್ತದೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಇಂಥದ್ದೇ ಇನ್ನೊಂದು ಬರ್ತದೆ.

ಕಾರು ತಯಾರಿಸೋಕೇ ಬಿಡದ ಸರ್ಕಾರ ವಿಮಾನಕ್ಕೆ ಬಿಡ್ತದಾ? ಯುದ್ಧ ಶುರುವಾಗಿತ್ತು, ವಿಮಾನ ಬೇಕಿತ್ತು, ಅದಕ್ಕೇ ಬಿಟ್ಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ 700 ಎಕರೆ ಜಾಗ ಕೊಟ್ಟು, ಸಂಸ್ಥಾನದಿಂದ 25 ಲಕ್ಷ ರೂಪಾಯಿ ಬಂಡವಾಳ ಹಾಕಿಸಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯ್ತು. ಎಂಟೇ ತಿಂಗಳಿಗೆ, 1941ರ ಆಗಸ್ಟ್‌ನಲ್ಲಿ, ಮೊದಲ ಹಾರ್ಲೋ ತರಬೇತಿ ವಿಮಾನ ಹಾರಿತು. ಬಿಡಿಭಾಗ ಅಮೆರಿಕದ್ದು, ಜೋಡಣೆ ಇಲ್ಲಿದು. ಆದ್ರೂ ಎಂಟು ತಿಂಗಳು! ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ಒಂದು ಡವ್‌ಟೇಲ್ ಜಾಯಿಂಟ್ ಮಾಡೋಕೆ ನನಗೆ ಮೂರು ವಾರ ಬೇಕಾಯ್ತು.

ಅದಾಗಿ ಕೆಲವೇ ತಿಂಗಳಲ್ಲಿ ಜಪಾನ್ ಯುದ್ಧಕ್ಕಿಳಿಯಿತು, ಬರ್ಮಾ ಕೈತಪ್ಪುತ್ತಾ ಬಂತು. 1942ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ವಾಲಚಂದರ ಕಡೆಯವರ ಪಾಲನ್ನ ದುಡ್ಡು ಕೊಟ್ಟು ಕೊಂಡು ಕಾರ್ಖಾನೆ ತನ್ನ ಕೈಗೆ ತಗೊಂಡಿತು. ನೋಂದಣಿಯಾಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ಅದೇ ಹೊತ್ತಿಗೆ ಅವರ ಇನ್ನೊಂದು ಕನಸು, ವಿಶಾಖಪಟ್ಟಣದ ಹಡಗು ಕಟ್ಟೆ, ಅದಕ್ಕೆ 1941ರ ಜೂನ್‌ನಲ್ಲಷ್ಟೇ ಅಡಿಗಲ್ಲು ಬಿದ್ದಿತ್ತು. ಅಲ್ಲಿ ಬಾಂಬ್ ಬೀಳೋ ಭಯ. ಮೂರನೇದು ಕಾರು. ಒಬ್ಬ ಮನುಷ್ಯ ಅರವತ್ತರ ಹತ್ತಿರ ಬಂದಾಗ ಮೂರು ದೊಡ್ಡ ಕೆಲಸ ಒಟ್ಟಿಗೇ ಹಿಡಿದು, ಅದರಲ್ಲಿ ಮೊದಲು ಕೆಲಸ ಶುರು ಮಾಡಿದ್ದೇ ಕೈಬಿಟ್ಟು ಹೋದ್ರೆ ಹೇಗಿರಬೇಕು? ಅವರು ವ್ಯಾಪಾರಿ, ಸಂತ ಅಲ್ಲ. ಯುದ್ಧದಿಂದ ಲಾಭ ಆಗ್ತದೆ ಅನ್ನೋ ಲೆಕ್ಕವೂ ಅವರಿಗೆ ಇದ್ದೇ ಇತ್ತು. ಹಾಗಂತ ನಷ್ಟ ಬರೀ ದುಡ್ಡಿನದು ಅಂತ ನನಗನಿಸೋದಿಲ್ಲ. ಪಾಲಿನ ದುಡ್ಡು ವಾಪಸ್ ಬಂತು, ಕಾರ್ಖಾನೆ ಬರಲಿಲ್ಲ.

ಅವರು ಹೋದ ಮೇಲೆ ಅಲ್ಲಿ ಏನಾಯ್ತು ನೋಡಿ. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಪಡೆಗೆ ಹೋಯ್ತು. ಹೊಸ ವಿಮಾನ ಕಟ್ಟೋದು ನಿಂತು, ಯುದ್ಧದಲ್ಲಿ ಸವೆದು ಬಂದ ವಿಮಾನಗಳ ರಿಪೇರಿ ಶುರುವಾಯ್ತು. ಅದರಲ್ಲಿ ಕ್ಯಾಟಲೀನಾ ಅನ್ನೋದೂ ಒಂದು. ಎರಡು ಎಂಜಿನ್, ದೋಣಿಯ ಹೊಟ್ಟೆ, ಸಮುದ್ರದ ಮೇಲೆ ಗಂಟೆಗಟ್ಟಲೆ ಕಾವಲು ಸುತ್ತೋ ವಿಮಾನ. ಬೆಂಗಳೂರಿಗೆ ಸಮುದ್ರ ಎಲ್ಲಿಂದ ಬರಬೇಕು? ಕಾರ್ಖಾನೆ ಪಕ್ಕದ ಬೆಳ್ಳಂದೂರು ಕೆರೆಗೆ ಇಳಿಸಿದರು. ಇವತ್ತು ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂತು ಮೂಗು ಮುಚ್ಕೊಂಡು ನೋಡ್ತೀವಲ್ಲ, ಅದೇ ಕೆರೆ.

ಈಗ ಬೆಂಕಿಗೆ ಬರ್ತೀನಿ. ಯುದ್ಧ ಮುಗಿದ ಮೇಲೆ ಕೆಲಸ ಇಲ್ಲದೆ ಉಳಿದ ಕ್ಯಾಟಲೀನಾಗಳನ್ನ ಕೆನಡಾ, ಅಮೆರಿಕದಲ್ಲಿ ಕಾಡಿನ ಬೆಂಕಿಗೆ ಹಚ್ಚಿದರು. ಕೆರೆಯ ಮೇಲೆ ಹೊಟ್ಟೆ ಸವರಿಕೊಂಡು ಓಡಿದ್ರೆ ಕೆಳಗಿನ ಕೊಳವೆಯಿಂದ ನೀರು ತಾನಾಗಿ ಟ್ಯಾಂಕಿಗೆ ನುಗ್ತದೆ. ಪಂಪ್ ಬೇಡ, ನಿಲ್ಲೋದು ಬೇಡ. ವಿಮಾನದ ವೇಗವೇ ಪಂಪು, ಬರ್ನೂಲಿ ಅಂತ ನಾವು ಓದೋದು ಇದನ್ನೇ. ಟ್ಯಾಂಕನ್ನ ಗುರುತ್ವಕೇಂದ್ರದ ಹತ್ತಿರವೇ ಇಡಬೇಕು. ಐದು ಟನ್ ಭಾರ ಒಂದೆರಡು ಸೆಕೆಂಡಿನಲ್ಲಿ ಖಾಲಿಯಾದಾಗ ಮೂತಿ ಮೇಲೇಳದೆ ಇರಬೇಕಲ್ಲ. ತುಂಬಾ ಮೇಲಿಂದ ಸುರಿದ್ರೆ ನೀರು ಮಂಜಿನ ಹಾಗೆ ಚೆದುರಿ ಬೆಂಕಿ ಮುಟ್ಟೋ ಮೊದಲೇ ಆವಿ. ತೀರಾ ಕೆಳಗಿಂದ ಸುರಿದ್ರೆ ಕೆಳಗಿದ್ದ ಮನುಷ್ಯರಿಗೇ ಪೆಟ್ಟು. ಮೂವತ್ತು ಮೀಟರ್ ಆಸುಪಾಸಿನ ಎತ್ತರದಲ್ಲಿ, ಹೊಗೆಯೊಳಗೆ, ಗುಡ್ಡಗಳ ನಡುವೆ ಹಾರಬೇಕು. ಇಷ್ಟೆಲ್ಲ ಮಾಡಿದ್ರೂ ನೀರು ಬೆಂಕಿಯನ್ನ ಪೂರ್ತಿ ಆರಿಸೋದು ಅಪರೂಪ. ಜ್ವಾಲೆಯನ್ನ ತಂಪು ಮಾಡಿ, ಅದರ ಓಟ ನಿಧಾನ ಮಾಡಿ, ನೆಲದ ಮೇಲಿನವರು ಬೆಂಕಿರೇಖೆ ಕಡಿಯೋಕೆ ಹೊತ್ತು ಕೊಡ್ತದೆ. ನಾನು ವಿಡಿಯೋದಲ್ಲಿ ನೋಡಿದ ಕೆಂಪು ನೀರು ಬರೀ ನೀರಲ್ಲ. ಫಾಸ್ಫೇಟ್ ಲವಣ ಕಲಸಿದ್ದು, ಬೆಂಕಿಯ ಮೇಲಲ್ಲ, ಬೆಂಕಿ ಬರೋ ದಾರಿಯ ಮೇಲೆ ಸುರಿಯೋದು.

ನನ್ನನ್ನ ತಡೆದು ನಿಲ್ಲಿಸಿದ ಸಂಗತಿ ಮುಂದಿನದು. ಯುದ್ಧದಲ್ಲಿ ಕೆನಡಾದ ಮಾಂಟ್ರಿಯಲ್ ಹತ್ತಿರದ ಒಂದು ಕಾರ್ಖಾನೆ ಇದೇ ಕ್ಯಾಟಲೀನಾಗಳನ್ನ ಕಟ್ತಿತ್ತು. 1944ರಲ್ಲಿ ಅದು ಕೆನಡೇರ್ ಅನ್ನೋ ಕಂಪನಿಯಾಯ್ತು. 1967ರಲ್ಲಿ ಅದೇ ಕಂಪನಿ ಸಿಎಲ್-215 ಹಾರಿಸಿತು. ಕಾಡಿನ ಬೆಂಕಿಗೆ ಅಂತಲೇ ಹುಟ್ಟಿದ ವಿಮಾನ, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಐದು ಸಾವಿರ ಲೀಟರ್‌ಗೂ ಹೆಚ್ಚು ನೀರು. ಫ್ರಾನ್ಸ್, ಸ್ಪೇನ್, ಗ್ರೀಸ್ ಎಲ್ಲ ಕೊಂಡವು. ಒಂದೇ ವಿಮಾನವನ್ನ ಎರಡು ಕಾರ್ಖಾನೆಗಳು ಬಿಚ್ಚಿ ನೋಡಿದ್ದವು, ಒಂದು ಮಾಂಟ್ರಿಯಲ್‌ನಲ್ಲಿ, ಒಂದು ಬೆಂಗಳೂರಲ್ಲಿ. ನಮ್ಮದು 1951ರಲ್ಲಿ ಎಚ್‌ಟಿ-2 ಹಾರಿಸಿತು, ಎಚ್‌ಎಎಲ್ ಆಯ್ತು, ಫೈಟರ್ ಕಟ್ಟಿತು, 1972ರಲ್ಲಿ ಬೆಳೆಗೆ ಔಷಧ ಸಿಂಪಡಿಸೋ ಬಸಂತ್ ಅನ್ನೋ ವಿಮಾನವನ್ನೂ ಹಾರಿಸಿತು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಂಕಿಗೆ ನೀರು ಸುರಿಯೋಕೆ ಶುರು ಮಾಡಿದ್ದು ಬೆಳೆ ಸಿಂಪಡಿಸೋ ವಿಮಾನವೇ. ಅಷ್ಟು ಹತ್ತಿರ ಬಂದಿದ್ದೆವು. ಬೆಂಕಿಯ ವಿಮಾನ ಮಾತ್ರ ಇಲ್ಲಿ ಹುಟ್ಟಲಿಲ್ಲ.

ವಾಲಚಂದರ ಕೈಯಲ್ಲೇ ಕಾರ್ಖಾನೆ ಇದ್ದಿದ್ರೆ ಹುಟ್ತಿತ್ತಾ? ನನಗೆ ಹಾಗೆ ಹೇಳೋ ಧೈರ್ಯ ಇಲ್ಲ. ಕೊಳ್ಳೋರು ಬೇಕು. ಕೆನಡಾದಲ್ಲಿ ಪ್ರಾಂತ್ಯದ ಸರ್ಕಾರಗಳೇ ಕೊಳ್ಳೋಕೆ ನಿಂತಿದ್ದವು, ಲೆಕ್ಕವಿಲ್ಲದಷ್ಟು ಕೆರೆಗಳಿದ್ದವು. ಲಾಭ ಇಲ್ಲದ ಕಡೆ ವಾಲಚಂದರೂ ಬಹಳ ದಿನ ನಿಲ್ಲೋರಲ್ಲ. ಆದ್ರೆ ಬೇರೆಯವರು ಆಗಲ್ಲ ಅಂದ ಕೆಲಸವನ್ನ ಶುರು ಮಾಡಿ ಆಮೇಲೆ ಪರ್ಮಿಷನ್‌ಗೆ ಓಡಾಡೋ ಒಂದು ಚಾಳಿ ಅವರಿಗಿತ್ತು. ಆ ಚಾಳಿ 1942ರಲ್ಲಿ ಕಾರ್ಖಾನೆಯ ಗೇಟಿನಿಂದ ಹೊರಗೆ ಹೋಯ್ತು ಅಂತ ನನ್ನ ಅನಿಸಿಕೆ.

ಉಳಿದ ಎರಡು ಕನಸು ನಿಂತವು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರುವಾಯ್ತು, ಮುಂದೆ ಪದ್ಮಿನಿ ಕಾರು ಬಂದದ್ದು ಅಲ್ಲಿಂದಲೇ. 1948ರ ಮಾರ್ಚ್‌ನಲ್ಲಿ ವಿಶಾಖಪಟ್ಟಣದಲ್ಲಿ ಜಲ ಉಷಾ ಹಡಗನ್ನ ನೆಹರೂ ನೀರಿಗಿಳಿಸಿದರು. ಮರುವರ್ಷ ವಾಲಚಂದರಿಗೆ ಪಾರ್ಶ್ವವಾಯು ಹೊಡೆಯಿತು. ವ್ಯವಹಾರ ಬಿಟ್ಟರು. ಕೊನೆ ದಿನಗಳಲ್ಲಿ ಹೆಂಡತಿ ಕಸ್ತೂರಬಾಯಿಯವರೇ ನೋಡ್ಕೊಂಡರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಸಾಂಗ್ಲಿಯ ಎಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರಿದೆ. ಡಿಗ್ರಿ ಮುಗಿಸದವರ ಹೆಸರಲ್ಲಿ ಡಿಗ್ರಿ ಕಾಲೇಜು!

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೇ ಬೆಂಕಿ ಬಿತ್ತು. ಆರಿಸೋಕೆ ಸೈನಿಕರು ಬರಬೇಕಾಯ್ತು. ಮರುವರ್ಷ ಫೆಬ್ರವರಿಯಲ್ಲಿ ಬಂಡೀಪುರ. ಲಂಟಾನ ಒಣಗಿ ನಿಂತಿತ್ತು, ಗಾಳಿ ಜೋರಿತ್ತು, ಸಾವಿರಾರು ಎಕರೆ ಸುಟ್ಟಿತು. ಅದೇ ವಾರ ಯಲಹಂಕದಲ್ಲಿ ಏರ್ ಶೋ ನಡೀತಿತ್ತು, ಅಲ್ಲಿನ ಪಾರ್ಕಿಂಗ್‌ನಲ್ಲಿ ಸುಮಾರು ಮುನ್ನೂರು ಕಾರು ಸುಟ್ಟವು. ಎರಡು ದಿನ ಬಿಟ್ಟು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂಡೀಪುರಕ್ಕೆ ಬಂದು, ಕೆಳಗೆ ಬಂಬಿ ಬಕೆಟ್ ತೂಗುಹಾಕ್ಕೊಂಡು ನೀರು ಎತ್ತಿ ಎತ್ತಿ ಸುರಿದವು. ಅಷ್ಟು ದಿನ ಬೆಂಕಿಯ ಮುಂದೆ ನಿಂತವರು ಅರಣ್ಯ ಇಲಾಖೆಯ ವಾಚರ್‌ಗಳು ಮತ್ತು ಸ್ವಯಂಸೇವಕರು. ಕೈಯಲ್ಲಿ ಹಸಿ ಟೊಂಗಿ.

ಈ ಸೆಮ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಒಂದು ಲೆಕ್ಕ ಹಿಡಿದಿದೀವಿ. ನೀರು ಸವರಿ ತುಂಬಿಕೊಳ್ಳೋ ವಿಮಾನಕ್ಕೆ ಅಡ್ಡಿಯಿಲ್ಲದ ಸುಮಾರು ಒಂದೂವರೆ ಕಿಲೋಮೀಟರ್ ನೇರ ನೀರು ಬೇಕು, ಆಳವೂ ಬೇಕು. ಬೆಂಕಿ ಬೀಳೋದು ಫೆಬ್ರವರಿ-ಮಾರ್ಚ್‌ನಲ್ಲಿ, ನಮ್ಮ ಜಲಾಶಯಗಳು ಇಳಿಯೋದೂ ಆಗಲೇ. ಕಬಿನಿಯಲ್ಲಿ ಆ ತಿಂಗಳು ಎಷ್ಟು ನೀರು, ಅಲ್ಲಿಂದ ಬಂಡೀಪುರದ ಗುಡ್ಡಕ್ಕೆ ಗಂಟೆಗೆ ಎಷ್ಟು ಸುತ್ತು, ಅದೇ ಖರ್ಚಿಗೆ ಹೆಲಿಕಾಪ್ಟರ್ ಎಷ್ಟು ಸುರೀತದೆ, ಆಮೇಲೆ ಅದೇ ದುಡ್ಡಲ್ಲಿ ಎಷ್ಟು ವಾಚರ್‌ಗಳಿಗೆ ವರ್ಷಪೂರ್ತಿ ಸಂಬಳ ಕೊಡಬಹುದು. ಸಣ್ಣ ಕೆರೆಯಿಂದಲೂ ನೀರು ಎತ್ತೋಕೆ ಆಗೋದ್ರಿಂದ ಹೆಲಿಕಾಪ್ಟರೇ ಗೆಲ್ತದೆ ಅಂತ ನನಗೆ ಈಗಲೇ ಅನಿಸ್ತಿದೆ. ಕೊನೆಯ ಸಾಲಿನಲ್ಲಿ ವಾಚರ್‌ಗಳೇ ಗೆದ್ದರೂ ಆಶ್ಚರ್ಯ ಇಲ್ಲ. ಆಲಮಟ್ಟಿ ಹಿನ್ನೀರನ್ನೂ ಲೆಕ್ಕಕ್ಕೆ ಸೇರಿಸಿದೀನಿ, ನಮ್ಮ ಗುಡ್ಡಕ್ಕೋಸ್ಕರ. ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಈ ವರ್ಷ ಹುಲ್ಲು ಜಾಸ್ತಿ ಬೆಳೆದಿದೆಯಂತೆ, ರಜೆಗೆ ಬೇಗ ಬಾ ಅಂದ್ರು.