ಕಲ್ಲಿನೊಡನೆ ಊರಿನ ಹೆಸರನ್ನೂ ಕಾಪಿಟ್ಟ ಬ್ರೂಸ್ ಫೂಟ್

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಕೆಂಪು ಚಿರೆಕಲ್ಲಿನ ಅಡಿ ಮಲಗಿರುವ ಪುರಾತನ ಶಿಲೆಗಳನ್ನು ಭೂವಿಜ್ಞಾನಿಗಳು ಧಾರವಾಡ ವರ್ಗಕ್ಕೆ ಸೇರಿಸುತ್ತಾರೆ. ಹುಲೇಕಲ್ ಕಡೆಯ ಅಡಕೆ ಬೆಳೆಗಾರನಿಗೂ ಹಟ್ಟಿಯ ಚಿನ್ನದ ಗಣಿಯ ಕಾರ್ಮಿಕನಿಗೂ ಕಾಲಡಿಯಲ್ಲಿ ಹೀಗೊಂದು ನಂಟಿದೆ. 1880ರ ದಶಕದಲ್ಲಿ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟು ವಿಜ್ಞಾನಲೋಕಕ್ಕೆ ಪರಿಚಯಿಸಿದವರು ರಾಬರ್ಟ್ ಬ್ರೂಸ್ ಫೂಟ್.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಜನಿಸಿದ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಸಿಕ್ಕ ಕಲ್ಲಿನ ಕೈಗೊಡಲಿ ಭಾರತದ ಪ್ರಾಗಿತಿಹಾಸವನ್ನೇ ಹಿಂದಕ್ಕೆ ಒಯ್ದಿತು. ಅಲ್ಲಿಂದ ಮುಂದೆ ಹಗಲಿನ ಕೆಲಸ ಶಿಲೆ, ಖನಿಜಗಳದ್ದು. ಹವ್ಯಾಸ ಆದಿಮಾನವನ ಕಲ್ಲುಗಳದ್ದು. ಗೋಕಾಕದ ಸಮೀಪ ಅವರಿಗೆ ಖಡ್ಗಮೃಗದ ಪಳೆಯುಳಿಕೆ ದೊರೆಯಿತೆಂದರೆ ಇಂದಿನ ಬೆಳಗಾವಿಯವರೂ ನಂಬಲಿಕ್ಕಿಲ್ಲ. ಬಳ್ಳಾರಿಯ ಹತ್ತಿರದ ಕುಪ್ಪಗಲ್ಲಿನಲ್ಲಿ ನವಶಿಲಾಯುಗದವರು ಕರಿಕಲ್ಲನ್ನು ಒಡೆದು ಕೊಡಲಿ ತಯಾರಿಸುತ್ತಿದ್ದ ದೊಡ್ಡ ಕಾರ್ಯಾಗಾರವನ್ನು ಅವರು ಗುರುತಿಸಿದರು. 1891ರಲ್ಲಿ ನಿವೃತ್ತರಾದ ಬಳಿಕ ಬರೋಡಾ ಸಂಸ್ಥಾನಕ್ಕೆ ದುಡಿದು, 1894ರಲ್ಲಿ ಮೈಸೂರಿನ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು.

ಖನಿಜದ ಮಾದರಿಗಳನ್ನು ಕೊಂಡು ಮಾರುವವರಿಗೆ ಒಂದು ಸತ್ಯ ಗೊತ್ತು: ಎಲ್ಲಿ ಸಿಕ್ಕಿತೆಂಬ ಚೀಟಿ ಕಳೆದುಹೋದರೆ ಎಂಥ ಅಪರೂಪದ ಹರಳಿಗೂ ಬೆಲೆ ಕುಸಿಯುತ್ತದೆ. ಆದಿಮಾನವನ ಕಲ್ಲಿಗಂತೂ ಆ ಚೀಟಿಯೇ ಜೀವ. ಫೂಟ್ ದೊಡ್ಡವರಾದದ್ದು ಇಲ್ಲಿ. ಯಾವ ಊರು, ಯಾವ ಗುಡ್ಡ, ಯಾವ ಹೊಳೆಯ ದಂಡೆ ಎಂಬುದನ್ನು ಅವರು ದಾಖಲಿಸುತ್ತ ಹೋದರು. ತಮ್ಮ ಖಾಸಗಿ ಸಂಗ್ರಹವನ್ನು ಅವರು ದಾನ ಮಾಡಲಿಲ್ಲ, ಮಾರಿದರು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಬಿಡಿಬಿಡಿಯಾಗಿ ಯುರೋಪಿನ ಶ್ರೀಮಂತರ ಗಾಜಿನ ಕಪಾಟುಗಳಿಗೆ ಚದುರಿಹೋಗಬಹುದಾಗಿದ್ದ ಸಂಗ್ರಹ 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾಯಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. 1953ರಲ್ಲಿ ಜಿಲ್ಲೆ ಮೈಸೂರಿಗೆ ಬಂದರೂ ಅದರ ಕಲ್ಲುಗಳು ಎಗ್ಮೋರಿನಲ್ಲೇ ಉಳಿದವು. ನಮ್ಮ ಸಂಶೋಧಕರು ಅವನ್ನು ನೋಡಲು ಚೆನ್ನೈಗೆ ಹೋಗಬೇಕಾದದ್ದು ಖೇದದ ಸಂಗತಿಯೇ. ಆದರೆ ನೋಡಲು ಅವು ಒಂದೆಡೆ ಇವೆ.

ಫೂಟ್ 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಗ್ರಹದ ವಿವರವಾದ ಪಟ್ಟಿ 1914ರಲ್ಲಿಯೂ ಕಾಲ ಹಾಗೂ ಹಂಚಿಕೆಯ ಟಿಪ್ಪಣಿಗಳು 1916ರಲ್ಲಿಯೂ ಅಚ್ಚಾದವು. ಎರಡನ್ನೂ ಅವರು ಕಾಣಲಿಲ್ಲ. ಆ ಪುಟಗಳಲ್ಲಿ ಹೆಸರು ಪಡೆದ ಕುಪ್ಪಗಲ್ಲಿನ ಗುಡ್ಡದ ಕೆಲವು ಭಾಗಗಳನ್ನು ಈಚಿನ ದಶಕಗಳಲ್ಲಿ ಕ್ವಾರಿಯವರು ಒಡೆದು ಸಾಗಿಸಿದ್ದಾರೆ.