ಕಲ್ಲಿನ ನಾರು, ಸಿಮೆಂಟಿನ ಹಲಗೆ: ಲುಡ್ವಿಗ್ ಹಾಚೆಕ್

ಹೋದ ಬೇಸಿಗೆಯ ರಜೆಯಲ್ಲಿ ನಾನು ನನ್ನ ಸೋದರಮಾವನ ಜೊತೆ ಕೆಲಸಕ್ಕೆ ಹೋಗುತ್ತಿದ್ದೆನು. ದೊಡ್ಡ ಕಟ್ಟಡಗಳ ಒಳಗೆ ಕೋಣೆಗಳನ್ನು ಬೇರ್ಪಡಿಸುವ ತೆಳುಗೋಡೆಗಳನ್ನು ನಿಲ್ಲಿಸುವುದು ಅವರ ಕಸುಬು. ತಗಡಿನ ಚೌಕಟ್ಟು ಕಟ್ಟಿ, ಎರಡು ಮಗ್ಗುಲಿಗೂ ಸಿಮೆಂಟಿನ ಹಲಗೆಗಳನ್ನು ತಿರುಪುಮೊಳೆಯಿಂದ ಬಿಗಿದರೆ ಗೋಡೆಯಾಯಿತು. ಹಲಗೆಯ ದಪ್ಪ 8 ಮಿಲಿಮೀಟರು ಮಾತ್ರ. ಇಷ್ಟು ತೆಳುವಾದ ಸಿಮೆಂಟು ಒಡೆಯದೆ ನಿಲ್ಲುವುದು ಹೇಗೆಂಬುದು ನನ್ನ ಪ್ರಶ್ನೆಯಾಗಿದ್ದಿತು. ಇದರಲ್ಲಿಯೂ ಕಲ್ನಾರು ಇದೆಯೇ ಎಂಬುದು ಮಾವನವರ ಪ್ರಶ್ನೆ. ಕಾಲೇಜು ಓದುವವನೆಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಎರಡಕ್ಕೂ ಉತ್ತರ ಹುಡುಕಹೋದಾಗ ದೊರೆತದ್ದು ಒಬ್ಬ ಮನುಷ್ಯನ ಬಾಳು.

ಲುಡ್ವಿಗ್ ಹಾಚೆಕ್ 1856ರಲ್ಲಿ ಮೊರಾವಿಯಾದಲ್ಲಿ ಹುಟ್ಟಿದನು. ಅದು ಆಗ ಆಸ್ಟ್ರಿಯದ ಸಾಮ್ರಾಜ್ಯಕ್ಕೆ ಸೇರಿದ್ದಿತು. ಅವನ ಮನೆತನದವರು ಲಿಂಟ್ಸ್ ನಗರದಲ್ಲಿ ಬಿಯರು ತಯಾರಿಸುತ್ತಿದ್ದರು. ನಡುವಯಸ್ಸಿನಲ್ಲಿ ಅವನು ಆ ಉದ್ಯಮದಿಂದ ತನ್ನ ಪಾಲನ್ನು ತೆಗೆದುಕೊಂಡು ಹೊರಬಂದು, 1893ರಲ್ಲಿ ಫೋಕ್ಲಾಬ್ರುಕ್ ಎಂಬ ಊರಿನ ಬಳಿ ಕಲ್ನಾರನ್ನು ನೂಲುವ ಕಾರ್ಖಾನೆಯನ್ನು ತೆರೆದನು. ಬೆಂಕಿಗೆ ಬೇಯದ, ನೀರಿಗೆ ಕೊಳೆಯದ, ಆದರೂ ಹತ್ತಿಯಂತೆ ಎಳೆಎಳೆಯಾಗುವ ಕಲ್ಲು! ಕಲ್ನಾರು ಎಂಬ ನಮ್ಮ ಹೆಸರಿಗಿಂತ ಚೆನ್ನಾದ ಹೆಸರು ಅದಕ್ಕೆ ಇನ್ನಾವ ಭಾಷೆಯಲ್ಲಿದೆಯೋ ಕಾಣೆ.

ಆ ಕಾಲದಲ್ಲಿ ಮಾಡಿಗೆ ಹಾಸುತ್ತಿದ್ದ ಕಲ್ಲುಹಲಗೆ ಭಾರ, ತಗಡಿಗೆ ತುಕ್ಕು, ಮರಕ್ಕೆ ಬೆಂಕಿಯ ಭಯ. ಈ ಮೂರು ಕೊರತೆಗಳೂ ಇಲ್ಲದ ಹಾಳೆಯೊಂದನ್ನು ಮಾಡಬೇಕೆಂದು ಹಾಚೆಕ್ಕನು ವರ್ಷಗಟ್ಟಲೆ ಹೆಣಗಿದನು. ಕಡೆಗೆ ಅವನಿಗೆ ದಾರಿ ತೋರಿದ್ದು ಕಾಗದದ ರಟ್ಟು ಮಾಡುವ ಯಂತ್ರ. ಸುಮಾರು ಒಂಬತ್ತು ಪಾಲು ಸಿಮೆಂಟಿಗೆ ಒಂದು ಪಾಲು ಕಲ್ನಾರು ಸೇರಿಸಿ, ಧಾರಾಳವಾಗಿ ನೀರು ಬೆರೆಸಿ ಅಂಬಲಿಯಂತೆ ಮಾಡಿದನು. ಅದರಲ್ಲಿ ಜರಡಿಯ ಉರುಳೆಯೊಂದು ತಿರುಗುತ್ತದೆ. ನೀರು ಒಳಕ್ಕೆ ಸೋರಿ, ಜರಡಿಯ ಮೈಮೇಲೆ ಹಾಲಿನ ಕೆನೆಯಂಥ ಪದರ ಕೂರುತ್ತದೆ. ಉಣ್ಣೆಯ ಪಟ್ಟಿ ಆ ಕೆನೆಯನ್ನು ಎತ್ತಿಕೊಂಡು ಹೋಗಿ ಇನ್ನೊಂದು ದೊಡ್ಡ ಉರುಳೆಗೆ ಸುತ್ತುತ್ತದೆ. ಪದರದ ಮೇಲೆ ಪದರ ಸೇರಿ ಬೇಕಾದ ದಪ್ಪವಾದೊಡನೆ ಅಡ್ಡಲಾಗಿ ಕೊಯ್ದು ಬಿಡಿಸಿದರೆ ಹಸಿಯ ಹಾಳೆ. ಒತ್ತಿ, ಗಟ್ಟಿಯಾಗಲು ಬಿಟ್ಟರೆ ಹಲಗೆ.

ಬರಿಯ ಸಿಮೆಂಟು ಭಾರವನ್ನು ಹೊರಬಲ್ಲುದು, ಎಳೆತವನ್ನು ತಾಳಲಾರದು. ಬಾಗಿಸಿದರೆ ಬಿರುಕು ಬಿಡುತ್ತದೆ. ನಾರು ಆ ಬಿರುಕಿನ ಎರಡು ದಡಗಳನ್ನೂ ಹಿಡಿದುಕೊಂಡಿರುತ್ತದೆ. ನಮ್ಮ ಅಜ್ಜಂದಿರು ಗೋಡೆಯ ಕೆಸರಿಗೆ ಹುಲ್ಲು ಹಾಕಿ ತುಳಿಯುತ್ತಿದ್ದುದೂ ಇದೇ ಉಪಾಯವೇ ತಾನೆ!

1901ರಲ್ಲಿ ಹಾಚೆಕ್ಕನಿಗೆ ಪೇಟೆಂಟು ದೊರೆಯಿತು. ಶಾಶ್ವತ ಎಂಬರ್ಥದ ಲ್ಯಾಟಿನ್ ಪದದಿಂದ ಅವನು ಹಲಗೆಗೆ ಎಟರ್ನಿಟ್ ಎಂದು ಹೆಸರಿಟ್ಟನು. 1903ರಲ್ಲಿಯೇ ಸ್ವಿಟ್ಜರ್ಲೆಂಡಿನಲ್ಲಿ ಇದರ ಕಾರ್ಖಾನೆ ಎದ್ದಿತು; ಬಳಿಕ ಅನೇಕ ದೇಶಗಳಲ್ಲಿ. ಹಾಚೆಕ್ಕನು ಸಿರಿವಂತನಾದನು. ಲಿಂಟ್ಸಿನಲ್ಲಿ ಬೌವರ್ನ್‌ಬೆರ್ಗ್ ಗುಡ್ಡದ ಉದ್ಯಾನವು ನಗರದ ಜನಕ್ಕೆ ದೊರೆತದ್ದು ಅವನ ಔದಾರ್ಯದಿಂದ. 1914ರ ಜುಲೈಯಲ್ಲಿ, ಮಹಾಯುದ್ಧ ಹೊತ್ತಿಕೊಳ್ಳುವ ಮುನ್ನವೇ, ತೀರಿಕೊಂಡನು.

ಇಲ್ಲಿಗೆ ಮುಗಿಸಿದ್ದರೆ ಈ ಚರಿತ್ರೆ ನಮ್ಮ ಪತ್ರಿಕೆಗೆ ಒಪ್ಪುವಂಥ ಸಾಹಸದ ಕಥೆಯಾಗುತ್ತಿತ್ತು. ಆದರೆ ಕಲ್ನಾರಿನ ಧೂಳು ಕೇಡೆಂದು ಇಂಗ್ಲೆಂಡಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ ಎಂಬ ಮಹಿಳೆ 1898ರಲ್ಲಿಯೇ ವರದಿ ಬರೆದಿದ್ದಳು. ಆ ಎಳೆ ಎದೆಗೂಡನ್ನು ಹೊಕ್ಕರೆ ಅಲ್ಲಿಯೂ ಶಾಶ್ವತವೇ. ಶ್ವಾಸಕೋಶದ ಅರ್ಬುದಕ್ಕೂ ಕಲ್ನಾರಿಗೂ ಇರುವ ನಂಟನ್ನು ರಿಚರ್ಡ್ ಡಾಲ್ 1955ರಲ್ಲಿ ಅಂಕಿಸಂಖ್ಯೆಗಳಿಂದ ತೋರಿದನು. ಹಾಚೆಕ್ಕನ ನಾಡಾದ ಆಸ್ಟ್ರಿಯ 1990ರಲ್ಲಿ ಕಲ್ನಾರನ್ನು ನಿಷೇಧಿಸಿತು. ಹಾಚೆಕ್ಕನನ್ನು ಅಪರಾಧಿಯೆನ್ನಲು ನನಗೆ ಮನಸ್ಸಿಲ್ಲ. ಅವನು ಸತ್ತ ಮೇಲೆ, ಎಲ್ಲವೂ ತಿಳಿದ ಮೇಲೆಯೂ ಮಾರುತ್ತ ಬಂದವರ ವಿಷಯದಲ್ಲಿ ಹಾಗೆ ಹೇಳಲಾರೆನು.

ಯಂತ್ರವೇನೋ ಉಳಿಯಿತು. ಇಂದಿಗೂ ಅದಕ್ಕೆ ಹಾಚೆಕ್ ಯಂತ್ರವೆಂದೇ ಹೆಸರು. ಕಲ್ನಾರಿಲ್ಲದ ಹಲಗೆಗಳಲ್ಲಿ ಅದರ ಬದಲು ಮರದ ತಿರುಳಿನ ನಾರನ್ನೋ ಕೃತಕ ಎಳೆಯನ್ನೋ ಹಾಕುತ್ತಾರೆ.

ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಆಜ್ಞೆ ಮಾಡಿತು. ಮಾವನವರು ಮಾಡಿಗೆ ಶೀಟು ಹೊದಿಸುವ ಗುಂಪಿನಲ್ಲಿ ಹನ್ನೆರಡು ವರ್ಷ ದಿನಗೂಲಿಗೆ ದುಡಿದವರು. ಅವರ ಹೆಸರು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿದ್ದರೆ ಅದೇ ಹೆಚ್ಚು.

ಹಲಗೆಯ ಹಿಂಬದಿಯ ಅಚ್ಚನ್ನು ಓದಿ, ಇದರಲ್ಲಿ ಕಲ್ನಾರಿಲ್ಲವೆಂದು ಅವರಿಗೆ ತಿಳಿಸಿದೆನು. ಆದರೂ ಕೊಯ್ಯುವಾಗ ಏಳುವ ಮರಳಿನ ಧೂಳು ಎದೆಗೆ ಒಳ್ಳೆಯದಲ್ಲವೆಂದೂ ಹೇಳಿದೆನು. ಹಾಗಾದರೆ ಆ ಹಳೆಯ ಶೀಟುಗಳಲ್ಲಿ ಎಂದು ಕೇಳಿದರು. ಇತ್ತು ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಬಕೆಟ್ಟಿನಲ್ಲಿ ನೀರು ತಂದು ಹಲಗೆಯ ಮೇಲೆ ಚಿಮುಕಿಸಿದರು. ರಜೆ ಮುಗಿಯುವವರೆಗೂ ಗರಗಸದ ಹತ್ತಿರಕ್ಕೆ ನನ್ನನ್ನು ಬರಗೊಡಲಿಲ್ಲ.