ಕರ್ನಲ್ ಮೆಡೋಸ್ ಟೇಲರರ ವಂಶವೃತ್ತಾಂತ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭವರ್ಷದಲ್ಲಿ ಭಕ್ತಾದಿಗಳು ಒಬ್ಬೊಬ್ಬರಾಗಿ ಬಂದು, ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿ ಹುಡುಕಿಕೊಡಬೇಕೆಂದು ಕೇಳುತ್ತಿದ್ದಾರೆ. ಹುಳು ತಿಂದ ಹಾಳೆಗಳನ್ನು ಮೆಲ್ಲನೆ ತಿರುವುತ್ತ, ತಂದೆಯ ಹೆಸರಿದ್ದು ತಾಯಿಯ ಹೆಸರಿಲ್ಲದ ಸಾಲುಗಳನ್ನು ಕಂಡು ನಾವು ಎಷ್ಟೋ ಸಲ ನಿಟ್ಟುಸಿರು ಬಿಟ್ಟಿದ್ದೇವೆ. ಮನುಷ್ಯನಿಗೆ ತನ್ನ ಬೇರು ಎಲ್ಲಿದೆ ಎಂದು ತಿಳಿಯುವ ಹಂಬಲ ಸಹಜವಾದುದು. ಪವಿತ್ರ ಮತ್ತಾಯನು ತನ್ನ ಶುಭಸಂದೇಶವನ್ನು ವಂಶಾವಳಿಯಿಂದಲೇ ಆರಂಭಿಸಿದನಷ್ಟೆ! ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ, ನಮ್ಮ ಸೀಮೆಯ ಚರಿತ್ರೆಯಲ್ಲಿ ಅಳಿಯದ ಹೆಸರು ಪಡೆದ ಒಬ್ಬ ಸೇನಾಧಿಕಾರಿಯ ಮನೆತನದ ಕಥೆಯನ್ನು ಬರೆಯಲು ನಾವು ಮನಸ್ಸು ಮಾಡಿದೆವು. ಅವರೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್.

ಟೇಲರರು ಕಂಪನಿ ಸರ್ಕಾರದ ಖಾಯಂ ಸೈನ್ಯದವರಲ್ಲ. ಹೈದರಾಬಾದಿನ ನಿಜಾಮರ ಹೆಸರಿನಲ್ಲಿ, ಆಂಗ್ಲ ಅಧಿಕಾರಿಗಳ ಕೈಕೆಳಗೆ ಕಟ್ಟಲಾಗಿದ್ದ ಸ್ಥಳೀಯ ಪಡೆಯಲ್ಲಿ ಸೇವೆ ಸಲ್ಲಿಸಿದವರು. ಮುಂದೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರಾದ ಈ ಪಡೆಯ ಒಂದು ದಂಡು ನಮ್ಮ ಲಿಂಗಸುಗೂರಿನಲ್ಲಿ ನೆಲೆಸಿತ್ತು. ಈ ಪಡೆಯ ಖರ್ಚಿಗಾಗಿ 1853ರ ಒಪ್ಪಂದದ ಮೇರೆಗೆ ನಿಜಾಮರು ಬಿರಾರ್, ನಳದುರ್ಗ ಮತ್ತು ರಾಯಚೂರು ದೋಆಬಗಳನ್ನು ಆಂಗ್ಲರ ವಶಕ್ಕೆ ಒಪ್ಪಿಸಿದರು. ಕೃಷ್ಣಾ ತುಂಗಭದ್ರೆಗಳ ನಡುವಣ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಒಕ್ಕಲಿಗನು ಎರೆಭೂಮಿಯಲ್ಲಿ ಬೆವರು ಸುರಿಸಿ ಕಟ್ಟಿದ ಕಂದಾಯವೇ ಆ ಸಿಪಾಯಿಗಳ ಸಂಬಳವಾಯಿತೆಂದರೆ ತಪ್ಪಾಗದು. 1860ರಲ್ಲಿ ದೋಆಬವು ನಿಜಾಮರಿಗೆ ಮರಳಿತು. ಲಿಂಗಸುಗೂರು ಜಿಲ್ಲಾಕೇಂದ್ರವೂ ಆಗಿ, 1905ರಲ್ಲಿ ಆ ಜಿಲ್ಲೆ ರದ್ದಾಗಿ ರಾಯಚೂರಿನಲ್ಲಿ ಸೇರಿತು.

ಇನ್ನು ಟೇಲರರ ತಂದೆಯ ಕಡೆಯ ವಂಶವನ್ನು ನೋಡೋಣ. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಹೆಸರಾಗಿದ್ದ ಟೇಲರ್ ಮನೆತನದ ಮೂಲಪುರುಷರು ಡಾಕ್ಟರ್ ಜಾನ್ ಟೇಲರ್. 1694ರಲ್ಲಿ ಜನಿಸಿ 1761ರಲ್ಲಿ ತೀರಿಕೊಂಡ ಇವರು, ಆಂಗ್ಲ ರಾಜಸಭೆಯ ಧರ್ಮವ್ಯವಸ್ಥೆಗೆ ಒಳಪಡದ ಪ್ರತ್ಯೇಕ ಸಭೆಯೊಂದರ ಬೋಧಕರು. ಹಿಬ್ರೂ ಬೈಬಲಿನ ಪದಗಳನ್ನೆಲ್ಲ ಕ್ರಮವಾಗಿ ಜೋಡಿಸಿ, 1754ರಿಂದ 1757ರವರೆಗೆ ಎರಡು ಬೃಹತ್ ಸಂಪುಟಗಳಲ್ಲಿ ಹಿಬ್ರೂ ಪದಾನುಕ್ರಮಣಿಕೆಯನ್ನು ಹೊರತಂದ ಮಹಾಪಂಡಿತರು. ಸೆಮಿನರಿಯಲ್ಲಿ ಹಿಬ್ರೂ ಅಕ್ಷರಗಳೊಡನೆ ಗುದ್ದಾಡಿದ ನಮ್ಮಂಥವರಿಗೆ ಅದು ಎಂಥ ತಪಸ್ಸೆಂಬುದು ಚೆನ್ನಾಗಿ ಗೊತ್ತು. ಆದಿಪಾಪದ ವಿಷಯದಲ್ಲಿ ಅವರು ಬರೆದುದನ್ನು ನಮ್ಮ ಧರ್ಮಸಭೆ ಒಪ್ಪಲಾರದು. ಆದರೂ ಅವರ ವಿದ್ವತ್ತಿಗೆ ತಲೆಬಾಗದಿರಲಾಗದು. ಮೆಡೋಸ್ ಎಂಬ ಹೆಸರು ಈ ಕುಟುಂಬಕ್ಕೆ ವಿವಾಹಸಂಬಂಧದಿಂದ ಬಂದದ್ದು. ಆ ಮನೆತನದ ಜಾನ್ ಮೆಡೋಸ್ ಎಂಬ ಬೋಧಕರು 1662ರ ಕಾಯಿದೆಗೆ ಮಣಿಯದೆ ತಮ್ಮ ಸ್ಥಾನವನ್ನೇ ಕಳೆದುಕೊಂಡವರು. ಹೀಗೆ ಅರಸನ ಆಜ್ಞೆಗಿಂತ ಅಂತಃಸಾಕ್ಷಿ ದೊಡ್ಡದೆಂದು ಬಗೆದವರು ಟೇಲರರ ಪೂರ್ವಜರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಸುರಪುರದ ಕಥೆಗೆ ಬಂದಾಗ ಇದು ಬೇಕಾಗುತ್ತದೆ.

ತಾಯಿಯ ಕಡೆಯವರು ನಾರ್ತಂಬರ್ಲೆಂಡಿನ ಮಿಟ್‌ಫರ್ಡ್ ಕೋಟೆಯ ಪುರಾತನ ಮನೆತನದವರು. ಒಂದು ಕಡೆ ವಿದ್ವಾಂಸರು, ಇನ್ನೊಂದು ಕಡೆ ಕೋಟೆಯೊಡೆಯರು. ಆದರೆ ಲಿವರ್‌ಪೂಲಿನಲ್ಲಿ ವ್ಯಾಪಾರಿಯಾಗಿದ್ದ ತಂದೆಯ ಕೈ ಸೋತಿತ್ತು. 1808ರ ಸೆಪ್ಟೆಂಬರ್ 25ರಂದು ಅಲ್ಲಿ ಜನಿಸಿದ ಹಿರಿಯ ಮಗ ಫಿಲಿಪ್, ಇನ್ನೂ ಹದಿನಾರು ತುಂಬುವ ಮೊದಲೇ ಹಡಗು ಹತ್ತಿ 1824ರಲ್ಲಿ ಮುಂಬಯಿಗೆ ಬಂದಿಳಿದನು. ಪಾಲುದಾರನನ್ನಾಗಿ ಮಾಡಿಕೊಳ್ಳುವೆನೆಂದು ಮಾತು ಕೊಟ್ಟಿದ್ದ ವ್ಯಾಪಾರಿ ತಾನೇ ಸಾಲದಲ್ಲಿ ಮುಳುಗಿದ್ದನು. ದಿಕ್ಕುತೋಚದ ಬಾಲಕನಿಗೆ ತಾಯಿಯ ಬಂಧುವೊಬ್ಬರು ನಿಜಾಮರ ಪಡೆಯಲ್ಲಿ ಕೆಲಸ ಕೊಡಿಸಿದರು. ಆ ಮನೆತನ ಭಾರತದ ಮಣ್ಣಿನಲ್ಲಿ ಬೇರೂರಿದ್ದು ಹೀಗೆ.

ವಿವಾಹದ ಮೂಲಕ ಟೇಲರರು ಸೇರಿದ ಮನೆತನವಂತೂ ಇನ್ನೂ ವಿಶೇಷವಾದುದು. 1830ರ ಸುಮಾರಿಗೆ ಅವರು ಹೈದರಾಬಾದಿನ ವಿಲಿಯಂ ಪಾಮರನ ಮಗಳು ಮೇರಿಯನ್ನು ವರಿಸಿದರು. ವಿಲಿಯಂ ಪಾಮರನ ತಂದೆ ಕಂಪನಿಯ ಸೇನಾಪತಿಯೂ ಪುಣೆಯ ರೆಸಿಡೆಂಟರೂ ಆಗಿದ್ದ ಜನರಲ್ ಪಾಮರ್. ತಾಯಿ ದೆಹಲಿಯ ಪರ್ಷಿಯನ್ ಮೂಲದ ಕುಲೀನೆ ಫೈಜ್ ಬಕ್ಷ್ ಬೇಗಂ. 1785ರಲ್ಲಿ ಬರೆದ ಚಿತ್ರಪಟವೊಂದರಲ್ಲಿ ಈ ಬೇಗಂ ಪತಿಯ ಮಗ್ಗುಲಲ್ಲಿ, ಮಕ್ಕಳನ್ನು ಸುತ್ತ ಇರಿಸಿಕೊಂಡು ಕುಳಿತಿರುವ ದೃಶ್ಯವಿದೆ. ಆದರೆ ಆ ಚಿತ್ರದಲ್ಲಿದ್ದ ಮಮತೆ ಕಂಪನಿಯ ಕಾಯಿದೆಯಲ್ಲಿರಲಿಲ್ಲ. ಭಾರತೀಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಿಗೆ ತನ್ನ ಸೇವೆಯಲ್ಲಿ ಸ್ಥಾನವಿಲ್ಲವೆಂದು ಕಂಪನಿಯು 1791ರಲ್ಲಿ ನಿಯಮ ಮಾಡಿತು. ತಂದೆ ಸೇನಾಪತಿಯಾದರೂ ಮಗನಿಗೆ ಬಾಗಿಲು ಮುಚ್ಚಿತು. ಆತನು ನಿಜಾಮರ ಪಡೆಯನ್ನು ಸೇರಿ, ಅನಂತರ ಹೈದರಾಬಾದಿನಲ್ಲಿ ಲೇವಾದೇವಿಯ ದೊಡ್ಡ ಕೋಠಿಯನ್ನು ಸ್ಥಾಪಿಸಿದನು. ನಿಜಾಮರ ಸರ್ಕಾರಕ್ಕೇ ಅಪಾರ ಹಣವನ್ನು ಸಾಲ ಕೊಟ್ಟ ಆ ಕೋಠಿ, ರೆಸಿಡೆಂಟರಾಗಿ ಬಂದ ಚಾರ್ಲ್ಸ್ ಮೆಟ್‌ಕಾಫರ ವಿರೋಧಕ್ಕೆ ಗುರಿಯಾಗಿ 1824ರಲ್ಲಿ ದಿವಾಳಿಯಾಯಿತು. ಟೇಲರರು ಭಾರತಕ್ಕೆ ಬಂದ ವರ್ಷವೂ ಅದೇ ಎಂಬುದು ವಿಚಿತ್ರ ಕಾಕತಾಳೀಯ.

ದಿವಾಳಿಯಾದವನ ಮಗಳನ್ನು, ಅದೂ ಮಿಶ್ರರಕ್ತದವಳನ್ನು ಕೈಹಿಡಿದರೆ ಬಿಳಿಯರ ಸಮಾಜದಲ್ಲಿ ಏಳಿಗೆ ಕಷ್ಟವೆಂಬ ಕಾಲವದು. ಟೇಲರರು ಅದನ್ನು ಲೆಕ್ಕಿಸಲಿಲ್ಲ. ಮೇರಿಯು 1844ರಲ್ಲಿ ತೀರಿಕೊಂಡ ಮೇಲೆ ಅವರು ಮೂವತ್ತೆರಡು ವರ್ಷ ಬದುಕಿದ್ದರು. ಆಲಿಸ್ ಮತ್ತು ಆಮಿ ಎಂಬ ಅವರ ಹೆಣ್ಣುಮಕ್ಕಳಿಗೆ ಒಂದು ಕಡೆಯ ಪೂರ್ವಜರು ಹಿಬ್ರೂ ಪಂಡಿತರಾದರೆ, ಇನ್ನೊಂದು ಕಡೆಯ ಮುತ್ತಜ್ಜಿ ದೆಹಲಿಯ ಬೇಗಂ!

ಈಗ ನಮ್ಮ ಸೀಮೆಗೆ ಬರೋಣ. 1841ರ ಕೊನೆಗೆ ಟೇಲರರನ್ನು ಸುರಪುರ ಸಂಸ್ಥಾನಕ್ಕೆ ಕಳುಹಿಸಲಾಯಿತು. ಅಲ್ಲಿಯ ಬೇಡ ನಾಯಕರ ವಂಶವೂ ಕಡಿಮೆಯದಲ್ಲ. 1705ರಲ್ಲಿ ವಾಗಿನಗೇರಿ ಕೋಟೆಯ ಮುಂದೆ ಔರಂಗಜೇಬನ ಮಹಾಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ವೀರರ ವಂಶವದು. ಟೇಲರರು ಬಂದ ಕೆಲಕಾಲದಲ್ಲೇ ದೊರೆ ತೀರಿಕೊಂಡು, ಎಳೆಯ ಬಾಲಕ ವೆಂಕಟಪ್ಪ ನಾಯಕನು ಗಾದಿಯ ಮೇಲೆ ಕುಳಿತನು. ರಾಣಿ ಈಶ್ವರಮ್ಮನ ದರ್ಪ, ಬಂಧುಗಳ ಒಳಜಗಳ, ನಿಜಾಮರಿಗೆ ಕೊಡಬೇಕಾದ ಬಾಕಿ, ಇವುಗಳ ನಡುವೆ ಸಂಸ್ಥಾನವನ್ನು ಸರಿದಾರಿಗೆ ತರುವ ಹೊಣೆ ಟೇಲರರದಾಯಿತು. ಅವರು ಹನ್ನೆರಡು ವರ್ಷಗಳ ಕಾಲ ಹೊಲ ಅಳೆಸಿದರು, ರಸ್ತೆ ಮಾಡಿಸಿದರು, ಬೋನಾಳದ ಹಳೆಯ ಕೆರೆಯನ್ನು ಸುಧಾರಿಸಿದರು. ಇಂದು ಪಕ್ಷಿಧಾಮವಾಗಿರುವ ಆ ಕೆರೆಯನ್ನೂ, ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನೂ ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ರಾಜನಕೋಳೂರು, ಜೇವರ್ಗಿ ಮೊದಲಾದೆಡೆಗಳ ಪ್ರಾಚೀನ ಕಲ್ಲುಸಮಾಧಿಗಳನ್ನು ಮೊದಲಾಗಿ ಶೋಧಿಸಿ ವಿದ್ವತ್ ಲೋಕಕ್ಕೆ ತಿಳಿಸಿದವರೂ ಇವರೇ. ಜನರು ಮೆಡೋಸ್ ಎಂಬ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಮಹಾದೇವ ಬಾಬಾ ಎಂದರೆಂದು ಪ್ರತೀತಿ.

ಬಾಲದೊರೆಗೆ ಅವರು ಬರಿಯ ಅಧಿಕಾರಿಯಾಗಿರಲಿಲ್ಲ. ಹುಡುಗನು ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದನು. ಗಂಡುಸಂತಾನ ಉಳಿಯದ, ಹೆಣ್ಣುಮಕ್ಕಳನ್ನು ದೂರದ ಇಂಗ್ಲೆಂಡಿಗೆ ಓದಲು ಕಳುಹಿಸಿದ, ಹೆಂಡತಿಯನ್ನು ಕಳೆದುಕೊಂಡ ಆ ಮನುಷ್ಯನಿಗೆ ಈ ಬೇಡರ ಹುಡುಗನೇ ಮಗನಾದನು. ರಕ್ತದ ವಂಶಾವಳಿಯಲ್ಲಿ ಈ ಸಂಬಂಧ ಎಲ್ಲಿಯೂ ಸಿಗದು. ಆದರೆ ಟೇಲರರ ಜೀವನದ ಅತ್ಯಂತ ದೊಡ್ಡ ನೋವು ಬಂದದ್ದು ಇದರಿಂದಲೇ.

1853ರಲ್ಲಿ ದೊರೆ ಪ್ರಾಯಕ್ಕೆ ಬಂದಾಗ ರಾಜ್ಯವನ್ನು ಅವನ ಕೈಗೊಪ್ಪಿಸಿ ಟೇಲರರು ನಳದುರ್ಗಕ್ಕೆ ಹೋದರು. 1857ರಲ್ಲಿ ಉತ್ತರದಲ್ಲಿ ಬೆಂಕಿ ಹೊತ್ತಿಕೊಂಡಾಗ ಬಿರಾರಿನ ಬುಲ್ಡಾಣೆಯಲ್ಲಿ, ಬೆನ್ನಿಗೆ ಸೈನ್ಯವಿಲ್ಲದೆಯೇ ಶಾಂತಿ ಕಾಪಾಡಿದರು. ಅದೇ ವೇಳೆಗೆ ಇಪ್ಪತ್ತನಾಲ್ಕರ ಆಸುಪಾಸಿನ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಎದ್ದನು. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ದಂಡು ಸುರಪುರದತ್ತ ನಡೆಯಿತು. ದೋಆಬದ ಕಂದಾಯದಿಂದ ಸಂಬಳ ಪಡೆದ ಸಿಪಾಯಿಗಳು, ಕೃಷ್ಣೆಯ ಆಚೆ ದಡದ ಕನ್ನಡದ ದೊರೆಯ ಮೇಲೆ ಕೋವಿ ಹಿಡಿದು ನಿಂತರು. ಕಾಳಗದಲ್ಲಿ ಆಂಗ್ಲ ಅಧಿಕಾರಿಗಳೂ ಬಿದ್ದರು. ಹೆಚ್ಚಿನ ಸೈನ್ಯ ಬಂದಿತೆಂದು ಕೇಳಿ ದೊರೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ, ಅಲ್ಲಿ ಸೆರೆಸಿಕ್ಕನು.

ಟೇಲರರು ಸೆರೆಮನೆಗೆ ಹೋಗಿ ಅವನನ್ನು ಕಂಡರು. ನಡೆದುದನ್ನೆಲ್ಲ ಹೇಳಿಬಿಟ್ಟರೆ ಕ್ಷಮೆ ದೊರಕಬಹುದೆಂಬ ಆಸೆ ಅವರದು. ಆದರೆ ಯುವಕನು ಜೊತೆಗಾರರ ಹೆಸರನ್ನು ಹೇಳಿ ಪ್ರಾಣ ಉಳಿಸಿಕೊಳ್ಳಲು ಒಪ್ಪಲಿಲ್ಲ. ಕಳ್ಳನಂತೆ ಗಲ್ಲಿಗೇರಿಸುವ ಬದಲು ತೋಪಿನ ಬಾಯಿಗೆ ಕಟ್ಟಲಿ ಎಂಬುದೊಂದೇ ಅವನ ಬೇಡಿಕೆ. ಮರಣದಂಡನೆಯು ಮೊದಲು ಗಡೀಪಾರಾಗಿ, ಕಡೆಗೆ ಗವರ್ನರ್ ಜನರಲರಿಂದ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುತ್ತಿದ್ದಾಗ, ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ ಅವನು ಪ್ರಾಣಬಿಟ್ಟನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಕಂಟಕವಿದೆಯೆಂದು ಶಾಸ್ತ್ರಿಯೊಬ್ಬನು ಮೊದಲೇ ಹೇಳಿದ್ದನೆಂದು ಟೇಲರರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಜಾತಕವನ್ನು ನಾವು ನಂಬುವವರಲ್ಲ. ಆದರೆ ಮಗನಂತೆ ಸಾಕಿದವನನ್ನು ಕಳೆದುಕೊಂಡ ತಂದೆಯು, ಅರ್ಥವಾಗದ ಸಾವಿಗೆ ಯಾವುದೋ ಅರ್ಥವನ್ನು ಹುಡುಕುತ್ತಿದ್ದನೆಂಬುದನ್ನು ನಂಬಬಲ್ಲೆವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅರಸನ ಕಟ್ಟಳೆಗೆ ಮಣಿಯದೆ ಸ್ಥಾನ ತ್ಯಜಿಸಿದ ಪೂರ್ವಜರ ಕುಡಿಯಾದ ಟೇಲರರು, ತಮ್ಮ ಹೆಂಡತಿಯ ತಂದೆಗೆ ಬಾಗಿಲು ಮುಚ್ಚಿದ್ದ ಅದೇ ಅಧಿಕಾರದ ಸೇವೆಯನ್ನು ಬಿಡಲಿಲ್ಲವೇಕೆ? ದೊರೆ ಸತ್ತ ವರ್ಷವೇ ಅವರು ಅದೇ ಸುರಪುರಕ್ಕೆ ಆಡಳಿತಾಧಿಕಾರಿಯಾಗಿ ಮರಳಿ ಬಂದು, 1860ರವರೆಗೆ ಇದ್ದರು. ಸಂಸ್ಥಾನವು ನಿಜಾಮರಿಗೆ ಬಹುಮಾನವಾಗಿ ಹೋಯಿತು. ಅವರು ಪ್ರಜೆಗಳನ್ನು ಪ್ರೀತಿಸಿದರೆಂಬುದೂ ಸತ್ಯ, ಆ ಪ್ರಜೆಗಳ ಸ್ವಾತಂತ್ರ್ಯವನ್ನು ಕಸಿದ ಆಳ್ವಿಕೆಯ ಕೈಯಾಗಿದ್ದರೆಂಬುದೂ ಸತ್ಯ. ನಮ್ಮ ನಾಡು ಇಂದು ವೆಂಕಟಪ್ಪ ನಾಯಕನನ್ನು ಸ್ವಾತಂತ್ರ್ಯವೀರನೆಂದು ಗೌರವಿಸುವುದು ನ್ಯಾಯವಾದುದು. ಟೇಲರರನ್ನು ಸಂತನೆಂದು ಹೊಗಳುವುದೂ ಬೇಡ, ಶತ್ರುವೆಂದು ತೆಗೆದುಹಾಕುವುದೂ ಬೇಡ. ಎರಡು ನಿಷ್ಠೆಗಳ ನಡುವೆ ಸಿಕ್ಕಿ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಜೀವಮಾನವೆಲ್ಲ ನೆನೆದು ಮರುಗಿದ ಮನುಷ್ಯನೆಂದು ನಾವು ಅವರನ್ನು ತಿಳಿಯುತ್ತೇವೆ.

ಸ್ವದೇಶಕ್ಕೆ ಹಿಂದಿರುಗಿದ ಟೇಲರರು ಡಬ್ಲಿನ್ ಬಳಿ ನೆಲೆಸಿ ಬರವಣಿಗೆಯಲ್ಲಿ ತೊಡಗಿದರು. 1839ರಲ್ಲೇ ಠಕ್ಕರ ಕುರಿತ ಕಾದಂಬರಿಯಿಂದ ಅವರಿಗೆ ಹೆಸರು ಬಂದಿತ್ತು. ಈಗ ತಾರಾ, ಸೀತಾ ಮುಂತಾದ ಕಾದಂಬರಿಗಳು ಹೊರಬಂದವು. ಕೊನೆಯದು, ಚಾಂದಬೀಬಿಯನ್ನು ಕುರಿತು ಬರೆದು 1878ರಲ್ಲಿ ಮರಣಾನಂತರ ಪ್ರಕಟವಾದ ಕಾದಂಬರಿ. ಅದರಲ್ಲಿ ನಮ್ಮ ಮುದಗಲ್ಲಿನ ಕಥೋಲಿಕ ಸಭೆಗೂ ಅಲ್ಲಿಯ ಪೋರ್ಚುಗೀಸ್ ಗುರುಗಳಿಗೂ ಸ್ಥಾನ ದೊರಕಿದೆ. ಹದಿನಾರನೆಯ ಶತಮಾನದಲ್ಲಿ ಗೋವೆಯಿಂದ ಬಂದ ಗುರುಗಳು ಸ್ಥಾಪಿಸಿದರೆಂದು ಪರಂಪರೆ ಹೇಳುವ, ಬಿಜಾಪುರದ ಸುಲ್ತಾನರ ಆಶ್ರಯ ಪಡೆದ ಆ ಪುರಾತನ ಸಭೆ ಲಿಂಗಸುಗೂರು ಸೀಮೆಯಲ್ಲೇ ಇದೆ. ಬೇರೆ ಪಂಥದವರಾದರೂ ಟೇಲರರು ಅದನ್ನು ಮರೆಯಲಿಲ್ಲವೆಂಬುದು ನಮಗೆ ಸಂತೋಷದ ವಿಷಯ.

1875ರಲ್ಲಿ ಸಾಲಾರ್ ಜಂಗರ ಆಹ್ವಾನದ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದಾಗ ಅವರ ಕಣ್ಣಿನ ದೃಷ್ಟಿ ನಂದಿಹೋಗುತ್ತಿತ್ತು. ಮರಳುವ ದಾರಿಯಲ್ಲಿ ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ 1876ರ ಮೇ 13ರಂದು ಕೊನೆಯುಸಿರೆಳೆದರು. ಅವರ ಆತ್ಮಚರಿತ್ರೆಯನ್ನು ಮಗಳು ಆಲಿಸಳೇ ಸಿದ್ಧಪಡಿಸಿ 1877ರಲ್ಲಿ ಪ್ರಕಟಿಸಿದಳು. ಆ ಮಗಳ ಶ್ರದ್ಧೆ ಇಲ್ಲದಿದ್ದರೆ ಈ ಕಥೆಯ ಬಹುಪಾಲು ನಮಗೆ ತಿಳಿಯುತ್ತಿರಲಿಲ್ಲ.

ಇದೇ ಮಾತನ್ನು ನಮ್ಮ ಭಕ್ತಾದಿಗಳಿಗೂ ಹೇಳಿ ಮುಗಿಸುತ್ತೇವೆ. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಯಾರೆಂಬುದನ್ನು ಶಾಸನಗಳಿಂದಲೇ ನಿಶ್ಚಯಿಸಲಾಗದೆ ವಿದ್ವಾಂಸರು ಬಹುಕಾಲ ಗ್ರಂಥಗಳ ಆಧಾರದ ಮೇಲೆ ಊಹಿಸಬೇಕಾಗಿತ್ತು. 1915ರಲ್ಲಿ ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರು ಕಂಡ ಮೇಲೆ ಸಂಶಯ ಕಳೆಯಿತು. ಒಂದು ಹೆಸರು ಬರೆದಿಟ್ಟಿದ್ದರಿಂದ ಇಷ್ಟು ಉಪಕಾರವಾಯಿತು. ಆದುದರಿಂದ ಪ್ರತಿಯೊಂದು ಕುಟುಂಬದವರೂ ಈ ಶತಮಾನೋತ್ಸವ ಮುಗಿಯುವುದರೊಳಗೆ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಅಜ್ಜಂದಿರ ಹೆಸರಿನ ಜೊತೆಗೆ ಅಜ್ಜಿಯಂದಿರ ಹೆಸರನ್ನೂ ಕೇಳಿ ಬರೆದು ಧರ್ಮಕೇಂದ್ರಕ್ಕೆ ತಂದುಕೊಡಲಿ. ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗನಂತೆ ಸಾಕಿದವರು ನಿಮ್ಮ ಮನೆಯಲ್ಲಿದ್ದರೆ ಅವರ ಹೆಸರನ್ನೂ ಮರೆಯದೆ ಬರೆಯಿರಿ. ನಮ್ಮ ಪ್ರಭುವಿನ ವಂಶಾವಳಿಯಲ್ಲಿ ಮೋವಾಬ್ ದೇಶದ ಪರಕೀಯಳಾದ ರೂತಳ ಹೆಸರಿದೆ. ಸಾಕುತಂದೆಯಾದ ಪವಿತ್ರ ಜೋಸೆಫರ ಹೆಸರೂ ಇದೆ.